ಆರ್‌ಸಿ ಕಾರ್ ರೇಸಿಂಗ್‌ಗೆ ಚಾರ್ಜರ್, ಡಿಸ್ಚಾರ್ಜರ್ ಆರಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಆರ್‌ಸಿ ಕಾರಿಗೆ, ಅಂದರೆ ರಿಮೋಟ್‌ನಲ್ಲಿ ಓಡಿಸುವ ಪುಟ್ಟ ಕಾರಿಗೆ, ನಾನು ಮೊದಲು ಕೊಂಡ ಚಾರ್ಜರ್‌ನ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 80 ವ್ಯಾಟ್, 10 ಆಂಪ್ ಅಂತ ಬರೆದಿತ್ತು. ಇನ್ನೇನು ಬೇಕು ಅಂದುಕೊಂಡೆ. ಒಂದು ಭಾನುವಾರ ಮೂರು ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಪ್ಯಾಕ್ ಫುಲ್ ಚಾರ್ಜ್ ಮಾಡಿಕೊಂಡು ಟ್ರ್ಯಾಕಿಗೆ ಹೋದರೆ ಮಳೆ ಬಂದು ರೇಸ್ ರದ್ದಾಯಿತು. ಫುಲ್ ಬ್ಯಾಟರಿ ಹಾಗೇ ಇಡಬಾರದಲ್ಲ, ಸ್ಟೋರೇಜ್ ಮಟ್ಟಕ್ಕೆ, ಅಂದರೆ ಸುಮ್ಮನೆ ಇಡುವಾಗ ಇರಬೇಕಾದ ಸುಮಾರು ಅರ್ಧ ಚಾರ್ಜಿಗೆ, ಇಳಿಸೋಣ ಅಂತ ಮನೆಗೆ ಬಂದು ಮೊದಲ ಪ್ಯಾಕ್ ಹಾಕಿದೆ. ಒಂದು ಗಂಟೆ ಬಿಟ್ಟು ನೋಡಿದರೆ ಇಳಿದಿದ್ದು 600 ಎಂಎಎಚ್ (ಮಿಲಿಆಂಪ್ ಅವರ್, ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಚಿಲ್ಲರೆ. ಆಗ ಕೈಪಿಡಿ ತೆಗೆದೆ. ಕೊನೆಯ ಪುಟದಲ್ಲಿ, ಕಣ್ಣು ಕಿರಿದು ಮಾಡಿ ಓದುವಷ್ಟು ಸಣ್ಣ ಅಕ್ಷರದಲ್ಲಿ ಇತ್ತು: ಡಿಸ್ಚಾರ್ಜ್ ಪವರ್ 5 ವ್ಯಾಟ್.

ಲೆಕ್ಕ ಸುಲಭ. 2ಎಸ್, ಅಂದರೆ ಎರಡು ಸೆಲ್ ಸರಣಿಯಲ್ಲಿ ಜೋಡಿಸಿದ ಪ್ಯಾಕಿನ ವೋಲ್ಟೇಜ್ ಸುಮಾರು 8. 5 ವ್ಯಾಟನ್ನು 8ರಿಂದ ಭಾಗಿಸಿದರೆ 0.6 ಆಂಪ್ ಆಸುಪಾಸು. 5000 ಎಂಎಎಚ್ ಪ್ಯಾಕನ್ನು ಫುಲ್‌ನಿಂದ ಸ್ಟೋರೇಜ್‌ಗೆ ತರಲು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಚಾರ್ಜ್ ತೆಗೆಯಬೇಕು. ಅಂದರೆ ಒಂದೊಂದು ಪ್ಯಾಕಿಗೆ ನಾಲ್ಕು ಗಂಟೆಗೂ ಮೇಲೆ. ಮೂರು ಪ್ಯಾಕ್ ಮುಗಿಯುವಾಗ ಬೆಳಗಾಗಿತ್ತು.

ಅವತ್ತಿನಿಂದ ಯಾರು ಚಾರ್ಜರ್ ಬಗ್ಗೆ ಕೇಳಿದರೂ ಆಂಪ್ ಬದಿಗಿಟ್ಟು ವ್ಯಾಟ್ ನೋಡಿ ಅನ್ನುತ್ತೇನೆ. ಅದರಲ್ಲೂ ಚಾರ್ಜಿನ ವ್ಯಾಟ್ ಬೇರೆ, ಡಿಸ್ಚಾರ್ಜಿನ ವ್ಯಾಟ್ ಬೇರೆ. ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು.

ಹಂತ 1: ಮೊದಲು ಬ್ಯಾಟರಿ, ಆಮೇಲೆ ಚಾರ್ಜರ್

ನಿಮ್ಮ ಹತ್ತಿರ ಇರುವ, ಮುಂದಿನ ವರ್ಷ ಕೊಳ್ಳುವ ಪ್ಯಾಕ್‌ಗಳನ್ನೆಲ್ಲ ಒಂದು ಕಾಗದದಲ್ಲಿ ಬರೆಯಿರಿ. ಎಷ್ಟು ಸೆಲ್, ಎಷ್ಟು ಎಂಎಎಚ್, ಯಾವ ಜಾತಿ, ಎಷ್ಟು ಸಿ ವೇಗದಲ್ಲಿ ಚಾರ್ಜ್ ಮಾಡಬಹುದು (ಸಿ ಅಂದರೆ ಪ್ಯಾಕಿನ ಎಂಎಎಚ್‌ಗೆ ಹೋಲಿಸಿದ ಕರೆಂಟ್, ಲೆಕ್ಕ ಕೆಳಗಿದೆ). ಸಾಮಾನ್ಯವಾಗಿ 1/12 ಅಳತೆಯ ಪ್ಯಾನ್ ಕಾರಿಗೆ 1ಎಸ್, 1/10 ಟೂರಿಂಗ್ ಮತ್ತು ಬಗ್ಗಿಗೆ 2ಎಸ್, 1/8 ಎಲೆಕ್ಟ್ರಿಕ್ ಬಗ್ಗಿಗೆ 4ಎಸ್ ಬೇಕಾಗುತ್ತದೆ. ಶುರುವಿನವರ ಕಾರುಗಳಲ್ಲಿ ಆರು ಸೆಲ್‌ನ 7.2 ವೋಲ್ಟ್ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕ್ ಇನ್ನೂ ಸಿಗುತ್ತದೆ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಪ್ಯಾಕಿನ ಮೈಮೇಲೆ ದೊಡ್ಡದಾಗಿ 100ಸಿ ಅಂತ ಇರುತ್ತದಲ್ಲ, ಅದು ಬ್ಯಾಟರಿಯಿಂದ ಎಷ್ಟು ಎಳೆಯಬಹುದು ಅನ್ನುವ ಲೆಕ್ಕ. ಎಷ್ಟು ತುಂಬಬಹುದು ಅನ್ನುವುದು ಪಕ್ಕದಲ್ಲೋ ಹಿಂಬದಿಯಲ್ಲೋ ಸಣ್ಣದಾಗಿ ಇರುತ್ತದೆ. ಏನೂ ಬರೆದಿಲ್ಲ ಅಂದರೆ 1ಸಿ ಅಂತಲೇ ಇಟ್ಟುಕೊಳ್ಳಿ. 5000 ಎಂಎಎಚ್ ಪ್ಯಾಕಿಗೆ 1ಸಿ ಅಂದರೆ 5 ಆಂಪ್, 2ಸಿ ಅಂದರೆ 10 ಆಂಪ್.

ಜಾತಿ ಯಾಕೆ ಮುಖ್ಯ ಅಂದರೆ, ಎಲ್ಲಿ ನಿಲ್ಲಿಸಬೇಕು ಅನ್ನುವುದು ಅದರ ಮೇಲೆ ನಿಂತಿದೆ. ಸಾಮಾನ್ಯ ಲಿಪೊ ಒಂದು ಸೆಲ್‌ಗೆ 4.20 ವೋಲ್ಟಿಗೆ ಫುಲ್. ಹೈ ವೋಲ್ಟೇಜ್ ಲಿಪೊ 4.35ರವರೆಗೆ ಹೋಗುತ್ತದೆ. ಲೈಫ್ ಅನ್ನುವ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ 3.6ಕ್ಕೇ ಮುಗಿಯಿತು. ಸಾಮಾನ್ಯ ಲಿಪೊ ಹಾಕಿ ಹೈ ವೋಲ್ಟೇಜ್ ಮೋಡ್ ಒತ್ತಿದರೆ ಬೆಂಕಿಗೆ ದಾರಿ ಮಾಡಿಕೊಟ್ಟಂತೆ. ನಿಕಲ್ ಪ್ಯಾಕಿನ ಕಥೆಯೇ ಬೇರೆ. ತುಂಬಿದ ಮೇಲೆ ಅದರ ವೋಲ್ಟೇಜ್ ಕೆಲವು ಮಿಲಿವೋಲ್ಟ್ ಕೆಳಗೆ ಬರುತ್ತದೆ, ಆ ಇಳಿತವನ್ನು ಹಿಡಿದು ಚಾರ್ಜರ್ ನಿಲ್ಲಿಸುತ್ತದೆ. ತೀರಾ ಕಡಿಮೆ ಆಂಪ್‌ನಲ್ಲಿ ಹಾಕಿದರೆ ಆ ಇಳಿತ ಕಾಣುವುದೇ ಇಲ್ಲ, ಪ್ಯಾಕ್ ಸುಮ್ನೆ ಬಿಸಿಯಾಗುತ್ತಾ ಕೂರುತ್ತದೆ.

ಹಂತ 2: ಚಾರ್ಜಿನ ವ್ಯಾಟ್ ಲೆಕ್ಕ

ಪ್ಯಾಕ್ ಫುಲ್ ಆದಾಗಿನ ವೋಲ್ಟೇಜನ್ನು ನಿಮಗೆ ಬೇಕಾದ ಆಂಪ್‌ನಿಂದ ಗುಣಿಸಿ. ಅಷ್ಟೇ.

2ಎಸ್ 6000 ಎಂಎಎಚ್ ಪ್ಯಾಕ್, 1ಸಿ: 8.4 ಗುಣಿಸು 6, ಸುಮಾರು 50 ವ್ಯಾಟ್. ನನ್ನ ಹಳೇ 80 ವ್ಯಾಟ್ ಚಾರ್ಜರ್‌ಗೆ ಇದು ಲೀಲಾಜಾಲ. ಅದೇ ಪ್ಯಾಕ್ 2ಸಿಯಲ್ಲಿ ಬೇಕು ಅಂದರೆ 100 ವ್ಯಾಟ್, ಆಗ ಅದು ಸೋಲುತ್ತದೆ. 4ಎಸ್ 6500 ಎಂಎಎಚ್ ಪ್ಯಾಕ್ ಹಾಕಿದರೆ 1ಸಿಗೇ 16.8 ಗುಣಿಸು 6.5, ಹೆಚ್ಚುಕಮ್ಮಿ 109 ವ್ಯಾಟ್. 80 ವ್ಯಾಟಿನ ಚಾರ್ಜರ್ ಇದಕ್ಕೆ 4.8 ಆಂಪ್ ಕೂಡ ಪೂರ್ತಿ ಕೊಡಲಾರದು. ಡಬ್ಬದ ಮೇಲೆ 10 ಆಂಪ್ ಅಂತ ಇರಲಿ, ಪರದೆಯಲ್ಲಿ ನೀವು 6.5 ಅಂತ ಒತ್ತಿರಿ, ಅದು ತನ್ನ ಪಾಡಿಗೆ 4.7ಕ್ಕೆ ನಿಂತಿರುತ್ತದೆ. ಕೆಟ್ಟಿದೆ ಅಂತ ವಾಪಸ್ ಕೊಡಲು ಹೋದವರನ್ನೂ ನೋಡಿದ್ದೇನೆ. ಕೆಟ್ಟಿರುವುದಿಲ್ಲ, ಅದರ ಯೋಗ್ಯತೆಯೇ ಅಷ್ಟು.

ಎರಡು ಪೋರ್ಟ್ ಇರುವ ಚಾರ್ಜರ್ ಕೊಳ್ಳುವಾಗ ಇನ್ನೊಂದು ಪ್ರಶ್ನೆ ಕೇಳಿ. 200 ವ್ಯಾಟ್ ಅನ್ನುವುದು ಒಂದೊಂದಕ್ಕೋ, ಎರಡೂ ಸೇರಿಯೋ? ಗೋಡೆಯ ಕರೆಂಟಿಗೂ ಡಿಸಿಗೂ ಎರಡಕ್ಕೂ ಓಡುವ ಮಾದರಿಗಳಲ್ಲಿ ಗೋಡೆಗೆ ಹಾಕಿದಾಗ ಪವರ್ ಕಡಿಮೆಯಾಗುವುದು ಮಾಮೂಲು, ಕೆಲವದರಲ್ಲಿ ಅರ್ಧಕ್ಕೇ ಇಳಿಯುತ್ತದೆ.

ರೇಸ್ ದಿನದ ಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 1ಸಿಯಲ್ಲಿ ಪೂರ್ತಿ ಖಾಲಿ ಪ್ಯಾಕ್ ತುಂಬಲು ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಯಾಕೆಂದರೆ 4.20 ಮುಟ್ಟಿದ ಮೇಲೆ ಚಾರ್ಜರ್ ವೋಲ್ಟೇಜ್ ಹಿಡಿದಿಟ್ಟು ಆಂಪನ್ನು ಮೆಲ್ಲಗೆ ಇಳಿಸುತ್ತದೆ. ಎರಡು ಹೀಟ್ (ಒಂದೊಂದು ಸುತ್ತಿನ ಓಟ) ನಡುವೆ ಒಂದೂವರೆ ಗಂಟೆ ಬಿಡುವಿದ್ದು, ಎರಡು ಪ್ಯಾಕ್ ಇದ್ದರೆ 1ಸಿ ಧಾರಾಳ ಸಾಕು. ಒಂದೇ ಪ್ಯಾಕಿನಲ್ಲಿ ದಿನ ತಳ್ಳುತ್ತೇನೆ ಅನ್ನುವವರಿಗೆ 2ಸಿ ಬೇಕಾಗಬಹುದು, ಪ್ಯಾಕ್ ಅದಕ್ಕೆ ಒಪ್ಪಿದರೆ. ನನ್ನನ್ನು ಕೇಳಿದರೆ ಜಾಸ್ತಿ ವ್ಯಾಟಿಗೆ ದುಡ್ಡು ಹಾಕುವ ಮೊದಲು ಇನ್ನೊಂದು ಪ್ಯಾಕ್ ಕೊಳ್ಳಿ.

ಹಂತ 3: ಚಾರ್ಜರ್‌ಗೆ ಕರೆಂಟ್ ಎಲ್ಲಿಂದ?

ಗೋಡೆಗೆ ನೇರ ಸಿಕ್ಕಿಸುವ ಚಾರ್ಜರ್ ಹೊಸಬರಿಗೆ ಸಲೀಸು. ಜೋರು ಚಾರ್ಜರ್‌ಗಳು ಮಾತ್ರ ಹೆಚ್ಚಾಗಿ ಡಿಸಿ ಮಾತ್ರ ತೆಗೆದುಕೊಳ್ಳುತ್ತವೆ, ಅವಕ್ಕೆ ಬೇರೆ ಪವರ್ ಸಪ್ಲೈ ಬೇಕು. ಎರಡು 2ಎಸ್ ಪ್ಯಾಕ್ ತಲಾ 10 ಆಂಪ್‌ನಲ್ಲಿ ಅಂದರೆ ಹೊರಗೆ 168 ವ್ಯಾಟ್. ಚಾರ್ಜರ್ ಒಳಗೆ ಬಿಸಿಯಾಗಿ ಹೋಗುವುದನ್ನು ಸೇರಿಸಿದರೆ ಒಳಗೆ 200 ವ್ಯಾಟ್ ಹತ್ತಿರ ಬೇಕು. 12 ವೋಲ್ಟಿನಲ್ಲಿ ಇದು ಹದಿನಾರು ಹದಿನೇಳು ಆಂಪ್, 24 ವೋಲ್ಟಿನಲ್ಲಿ ಅದರ ಅರ್ಧ. ಸಪ್ಲೈಯನ್ನು ಕಾಲು ಭಾಗವಾದರೂ ಜಾಸ್ತಿಯದ್ದೇ ತೆಗೆದುಕೊಳ್ಳಿ. ಮಿತಿಯಲ್ಲೇ ಓಡಿಸಿದರೆ ಫ್ಯಾನ್ ಕಿರುಚುತ್ತಾ ಇರುತ್ತದೆ.

ಟ್ರ್ಯಾಕಿನಲ್ಲಿ ಕರೆಂಟ್ ಇಲ್ಲ ಅಂತ ದೊಡ್ಡ ಕಾರಿನ ಬ್ಯಾಟರಿಗೆ ಕೊಕ್ಕೆ ಹಾಕುವವರು ಚಾರ್ಜರ್‌ನ ಸೆಟ್ಟಿಂಗ್‌ನಲ್ಲಿ ಇನ್‌ಪುಟ್ ಕಟಾಫ್ (ಕಾರಿನ ಬ್ಯಾಟರಿ ಇಷ್ಟಕ್ಕೆ ಇಳಿದರೆ ಚಾರ್ಜರ್ ತಾನೇ ನಿಲ್ಲುವ ಮಟ್ಟ) ಮರೆಯದೆ ಇಡಿ. ಇಲ್ಲದಿದ್ದರೆ ಸಂಜೆ ಆ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಬೇಕಾಗುತ್ತದೆ.

ಹಂತ 4: ಬ್ಯಾಲೆನ್ಸ್ ಮತ್ತು ನಿಖರತೆ

ಲಿಪೊ ಚಾರ್ಜರ್‌ಗೆ ಬ್ಯಾಲೆನ್ಸ್ ಪೋರ್ಟ್, ಅಂದರೆ ಪ್ಯಾಕಿನ ಸೆಲ್‌ಗಳನ್ನೆಲ್ಲ ಒಂದೇ ವೋಲ್ಟೇಜಿಗೆ ತರಲು ಬೇಕಾದ ಕಿಂಡಿ ಇರಲೇಬೇಕು. 2ಎಸ್ ಪ್ಯಾಕಿಗೆ ಮೂರು ವೈರಿನ ಬಿಳಿ ಪ್ಲಗ್ ಬರುತ್ತದೆ. ರೇಸಿನ ಗಟ್ಟಿ ಕವಚದ ಪ್ಯಾಕ್‌ಗಳಲ್ಲಿ ವೈರ್ ಇರುವುದಿಲ್ಲ, ಮಧ್ಯದಲ್ಲಿ 2 ಮಿಲಿಮೀಟರ್ ತೂತು ಇರುತ್ತದೆ, ಅದಕ್ಕೆ ತಕ್ಕ ಲೀಡ್ ಬೇಕು. ಇಲ್ಲಿ ನೋಡಬೇಕಾದ ಅಂಕಿ ಬ್ಯಾಲೆನ್ಸ್ ಕರೆಂಟ್. ಎರಡು ಸೆಲ್ ನಡುವೆ 150 ಎಂಎಎಚ್ ವ್ಯತ್ಯಾಸ ಇದೆ ಅಂದುಕೊಳ್ಳಿ. 200 ಮಿಲಿಆಂಪ್‌ನ ಬ್ಯಾಲೆನ್ಸರ್‌ಗೆ ಇದನ್ನು ಸರಿ ಮಾಡಲು ಮುಕ್ಕಾಲು ಗಂಟೆ ಬೇಕು. 1 ಆಂಪ್‌ನದ್ದು ಒಂಬತ್ತು ನಿಮಿಷದಲ್ಲಿ ಮುಗಿಸುತ್ತದೆ. ಪ್ಯಾಕ್ ಹೊಸದಿದ್ದಾಗ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ಹಳೆಯದಾದಂತೆ ಚಾರ್ಜ್ ಕೊನೆಯ ಐದು ಪರ್ಸೆಂಟ್ ಹತ್ತಿರ ಅಂಟಿಕೊಂಡು ಕೂರುತ್ತದೆ. ನಿಮ್ಮ ಹೀಟ್ ಕರೆಯುವುದು ಸರಿಯಾಗಿ ಆಗಲೇ.

ನಿಖರತೆ ಯಾಕೆ? ಅನೇಕ ಕ್ಲಾಸ್‌ಗಳಲ್ಲಿ 2ಎಸ್ ಪ್ಯಾಕಿಗೆ 8.40 ವೋಲ್ಟ್ ಮಿತಿ ಇರುತ್ತದೆ, ಗ್ರಿಡ್‌ಗೆ (ಓಟ ಶುರುವಾಗುವ ಸಾಲಿಗೆ) ಹೋಗುವ ಮುಂಚೆ ಮೀಟರ್ ಇಟ್ಟು ನೋಡುತ್ತಾರೆ. ಚಾರ್ಜರ್ ಒಂದು ಸೆಲ್‌ಗೆ 0.02 ವೋಲ್ಟ್ ಜಾಸ್ತಿ ತುಂಬಿದರೂ 8.44 ಆಗುತ್ತದೆ. ಆದ್ದರಿಂದ ಹೊಸ ಚಾರ್ಜರ್ ಬಂದ ದಿನವೇ ನಂಬಿಕೆಯ ಮಲ್ಟಿಮೀಟರ್‌ನಲ್ಲಿ ಒಂದೊಂದು ಸೆಲ್ ಅಳೆದು, ಚಾರ್ಜರ್ ತೋರಿಸುವುದರ ಜೊತೆ ಹೋಲಿಸಿ. ಕ್ಯಾಲಿಬ್ರೇಷನ್ ಇರುವ, ಅಥವಾ ಕೊನೆಯ ವೋಲ್ಟೇಜನ್ನು 4.18, 4.19 ಅಂತ ನಾವೇ ಇಡಬಹುದಾದ ಮಾದರಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಬ್ಲೂಟೂತ್, ಬಣ್ಣದ ಪರದೆ, ಮಾತಾಡುವ ದನಿ ಇವೆಲ್ಲ ಇದ್ದರೆ ಇರಲಿ.

ಒಳ ಪ್ರತಿರೋಧ, ಅಂದರೆ ಐಆರ್ ತೋರಿಸುವ ಚಾರ್ಜರ್ ಕೂಡ ಉಪಯೋಗಕ್ಕೆ ಬರುತ್ತದೆ. ಒಳ್ಳೆಯ ರೇಸ್ ಪ್ಯಾಕಿನಲ್ಲಿ ಸೆಲ್‌ಗೆ ಒಂದೆರಡು ಮಿಲಿಓಮ್ ಕಾಣಬಹುದು. ಒಂದೇ ಪ್ಯಾಕ್ ಬೇರೆ ಬೇರೆ ಚಾರ್ಜರ್‌ನಲ್ಲಿ ಬೇರೆ ಬೇರೆ ಅಂಕಿ ಕೊಡುತ್ತದೆ, ತಣ್ಣಗಿದ್ದರೆ ಜಾಸ್ತಿ, ಬೆಚ್ಚಗಿದ್ದರೆ ಕಡಿಮೆ. ಪಕ್ಕದ ಟೇಬಲ್‌ನವನ ಅಂಕಿ ನೋಡಿ ಹೊಟ್ಟೆ ಉರಿಸಿಕೊಳ್ಳಬೇಡಿ. ನಿಮ್ಮದೇ ಚಾರ್ಜರ್, ನಿಮ್ಮದೇ ಪ್ಯಾಕ್, ಅದೇ ಬಿಸಿ, ಅದೇ ಮಟ್ಟದ ಚಾರ್ಜ್ ಇದ್ದಾಗ ಹೋದ ತಿಂಗಳಿಗಿಂತ ಎಷ್ಟು ಏರಿದೆ ಅಂತ ನೋಡಿ.

ಹಂತ 5: ಡಿಸ್ಚಾರ್ಜರ್ ಯಾಕೆ, ಎಂಥದ್ದು

ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಜನ ಇದನ್ನೇ ಕೊನೆಗೆ ಯೋಚಿಸುತ್ತಾರೆ.

ನಿಕಲ್ ಕ್ಯಾಡ್ಮಿಯಂ ಕಾಲದಲ್ಲಿ ಡಿಸ್ಚಾರ್ಜರ್ ಇಲ್ಲದ ರೇಸರ್ ಇರಲಿಲ್ಲ. ಆರು ಸೆಲ್‌ಗಳನ್ನು ಒಂದು ಟ್ರೇನಲ್ಲಿ ಸಾಲಾಗಿ ಇಡುತ್ತಿದ್ದರು, ಪ್ರತಿ ಸೆಲ್‌ಗೂ ಒಂದು ಪುಟ್ಟ ಬಲ್ಬೋ ರೆಸಿಸ್ಟರ್ರೋ ಇರುತ್ತಿತ್ತು. ಎಲ್ಲವನ್ನೂ ಒಂದೇ ಕೆಳಮಟ್ಟಕ್ಕೆ, ಸುಮಾರು 0.9 ವೋಲ್ಟಿಗೆ ತಂದು ಮರುಚಾರ್ಜ್ ಮಾಡಿದರೆ ಸೆಲ್‌ಗಳು ಒಟ್ಟಿಗೆ ತುಂಬಿ ಒಟ್ಟಿಗೆ ಮುಗಿಯುತ್ತಿದ್ದವು. ಪ್ಯಾಕನ್ನು ಖಾಲಿ ಮಾಡಿ ಇಡುವುದೇ ಆಗಿನ ಶಿಸ್ತು. ಹಳೇ ರೇಸರ್ ಒಬ್ಬರು ಅದೇ ಅಭ್ಯಾಸದಲ್ಲಿ ಲಿಪೊವನ್ನೂ ಬಲ್ಬಿಗೆ ಕೊಟ್ಟು ಊಟಕ್ಕೆ ಹೋದರೆ ಏನಾಗುತ್ತದೆ ಗೊತ್ತಲ್ಲ? ಲಿಪೊ ಸೆಲ್ 3.0 ವೋಲ್ಟಿಗಿಂತ ಕೆಳಗೆ ಹೋದರೆ ಒಳಗೇ ಹಾಳಾಗುತ್ತದೆ, ಉಬ್ಬುತ್ತದೆ. ಬ್ಯಾಲೆನ್ಸ್ ಕೆಲಸವನ್ನು ಈಗ ಚಾರ್ಜರ್ ನೋಡಿಕೊಳ್ಳುತ್ತದೆ. ಹಾಗಾಗಿ ಇವತ್ತು ಡಿಸ್ಚಾರ್ಜರ್‌ಗೆ ಉಳಿದಿರುವ ಕೆಲಸ ಮುಖ್ಯವಾಗಿ ಎರಡು: ಓಡದೆ ಉಳಿದ ಫುಲ್ ಪ್ಯಾಕನ್ನು ಸ್ಟೋರೇಜ್‌ಗೆ ಇಳಿಸುವುದು, ಮತ್ತು ಪ್ಯಾಕಿನ ಆರೋಗ್ಯ ಅಳೆಯುವುದು.

ಸ್ಟೋರೇಜ್ ಅಂದರೆ ಸೆಲ್‌ಗೆ 3.80 ವೋಲ್ಟ್ ಆಸುಪಾಸು, 2ಎಸ್‌ಗೆ 7.6. ಫುಲ್ ಲಿಪೊ ಇಟ್ಟಷ್ಟೂ ದಿನ, ಅದರಲ್ಲೂ ಸೆಕೆಯಲ್ಲಿ, ಸವೆಯುತ್ತಲೇ ಇರುತ್ತದೆ. ಈ ಕೆಲಸಕ್ಕೆ ಭಾರೀ ಯಂತ್ರ ಬೇಡ, 30ರಿಂದ 50 ವ್ಯಾಟ್ ಸಾಕು. 40 ವ್ಯಾಟಿನಲ್ಲಿ 2ಎಸ್ ಪ್ಯಾಕಿಗೆ 5 ಆಂಪ್ ಸಿಗುತ್ತದೆ. ನನಗೆ ನಾಲ್ಕು ಗಂಟೆ ಹಿಡಿದ ಕೆಲಸ ಅರ್ಧ ಗಂಟೆ ಚಿಲ್ಲರೆಗೆ ಮುಗಿಯುತ್ತದೆ.

ಆರೋಗ್ಯ ಅಳೆಯುವುದು ಬೇರೆ ಮಟ್ಟದ ಕೆಲಸ. ಐದು ನಿಮಿಷದ ಒಂದು ಹೀಟ್‌ನಲ್ಲಿ ನಿಮ್ಮ ಕಾರು 2500 ಎಂಎಎಚ್ ತಿಂದಿತು ಅನ್ನೋಣ. ಐದು ನಿಮಿಷ ಅಂದರೆ ಗಂಟೆಯ ಹನ್ನೆರಡನೇ ಒಂದು ಭಾಗ, ಅಂದರೆ ಸರಾಸರಿ 30 ಆಂಪ್ ಎಳೆದಿದೆ. ಅಂಥ ಪ್ಯಾಕನ್ನು 1 ಆಂಪ್‌ನಲ್ಲಿ ಡಿಸ್ಚಾರ್ಜ್ ಮಾಡಿ 4900 ಎಂಎಎಚ್ ಬಂತು, ಗಟ್ಟಿಯಾಗಿದೆ ಅಂತ ಹಿಗ್ಗುವುದರಲ್ಲಿ ಅರ್ಥವಿಲ್ಲ, ಅಲ್ವಾ? 1 ಆಂಪ್‌ಗೆ ಸತ್ತ ಪ್ಯಾಕ್ ಕೂಡ ನಗುನಗುತ್ತಾ ಓಡುತ್ತದೆ. ಪರೀಕ್ಷೆಗೆ ಕನಿಷ್ಠ 20 ಆಂಪ್ ಬೇಕು. 7.4 ಗುಣಿಸು 20, ಸುಮಾರು 150 ವ್ಯಾಟ್. ಅಷ್ಟೂ ಬಿಸಿಯಾಗಿಯೇ ಹೊರಬರಬೇಕು, ಎರಡು ಮೂರು ಸಾಲ್ಡರಿಂಗ್ ಐರನ್ ಒಂದೇ ಡಬ್ಬದಲ್ಲಿ ಉರಿದಂತೆ. ಅದಕ್ಕೇ ಒಳ್ಳೆಯ ಡಿಸ್ಚಾರ್ಜರ್ ಅಂದರೆ ಮುಕ್ಕಾಲು ಪಾಲು ಹೀಟ್‌ಸಿಂಕ್ ಮತ್ತು ಫ್ಯಾನ್.

ಈಗ ಆಯ್ಕೆಗಳು. ಚಾರ್ಜರ್ ಒಳಗಿನ ಡಿಸ್ಚಾರ್ಜ್ ಬಗ್ಗೆ ಹೇಳಿಯಾಯಿತು, 5 ವ್ಯಾಟ್ ಅಂತಿದ್ದರೆ ಇಲ್ಲ ಅಂತಲೇ ತಿಳಿಯಿರಿ. ಕೆಲವು ದೊಡ್ಡ ಚಾರ್ಜರ್‌ಗಳು ತೆಗೆದ ಕರೆಂಟನ್ನು ಇನ್‌ಪುಟ್ ಕಡೆಯ ದೊಡ್ಡ ಬ್ಯಾಟರಿಗೇ ವಾಪಸ್ ತುಂಬುತ್ತವೆ. ಚೆಂದದ ಉಪಾಯ, ಆದರೆ ಮೇಜಿನ ಪವರ್ ಸಪ್ಲೈಗೆ ಹಾಗೆ ವಾಪಸ್ ತಳ್ಳಬಾರದು. ಇನ್ನು ಕೆಲವು ಹೊರಗಿನ ರೆಸಿಸ್ಟರ್ ಜೋಡಿಸಿಕೊಂಡು ಜೋರಾಗಿ ಇಳಿಸುತ್ತವೆ.

ಕೈಯಲ್ಲೇ ಮಾಡಿಕೊಳ್ಳುವವರಿಗೆ ವಾಹನದ 12 ವೋಲ್ಟ್, 21 ವ್ಯಾಟ್ ಬಲ್ಬುಗಳು ಇವೆ. 8 ವೋಲ್ಟಿನಲ್ಲಿ ಒಂದೊಂದು ಒಂದೂವರೆ ಆಂಪ್ ಹತ್ತಿರ ಎಳೆಯುತ್ತದೆ, ನಾಲ್ಕನ್ನು ಪ್ಯಾರಲಲ್ ಜೋಡಿಸಿದರೆ ಐದಾರು ಆಂಪ್. ಸ್ಟೋರೇಜ್ ಕೆಲಸಕ್ಕೆ ಚೆನ್ನಾಗಿದೆ. ಆದರೆ ತಾನಾಗಿ ನಿಲ್ಲುವುದಿಲ್ಲ. ಬ್ಯಾಲೆನ್ಸ್ ಪ್ಲಗ್‌ಗೆ ಹಾಕುವ ಬಜರ್ 3.8ಕ್ಕೆ ಇಟ್ಟು ಪಕ್ಕದಲ್ಲೇ ಕೂತಿರಬೇಕು. ಬಜರ್ ಕೂಗಿದಾಗ ಪ್ಲಗ್ ಕೀಳಲು ಕೈ ಬೇಕು, ಬಜರ್‌ಗೆ ಕೈ ಇಲ್ಲ. ವೋಲ್ಟೇಜ್ ಇಳಿದಂತೆ ಬಲ್ಬಿನ ಕರೆಂಟೂ ಇಳಿಯುವುದರಿಂದ ಅಳತೆಗೆ ಇದು ಆಗುವುದಿಲ್ಲ.

ವಾರವಾರ ರೇಸಿಗೆ ಹೋಗುವವರು ಪ್ರತ್ಯೇಕ ಡಿಸ್ಚಾರ್ಜರ್ ತೆಗೆದುಕೊಳ್ಳುವುದೇ ಸರಿ. ಅದರಲ್ಲಿ ನೋಡಬೇಕಾದ್ದು: ಕರೆಂಟ್ ಕೊನೆಯವರೆಗೂ ಒಂದೇ ಇರಬೇಕು, ಪ್ರತಿ ಸೆಲ್ ನೋಡಿ ಕಟಾಫ್ ಆಗಬೇಕು, ಎಷ್ಟು ಎಂಎಎಚ್ ತೆಗೆಯಿತು ಅಂತ ತೋರಿಸಬೇಕು. ಪ್ಯಾಕಿನ ಒಟ್ಟು ವೋಲ್ಟೇಜ್ ಮಾತ್ರ ನೋಡುವ ಡಿಸ್ಚಾರ್ಜರ್ ಮೋಸ ಮಾಡುತ್ತದೆ. 6.4 ಅಂತ ತೋರಿಸುವಾಗ ಒಂದು ಸೆಲ್ 3.5ರಲ್ಲಿ, ಇನ್ನೊಂದು 2.9ರಲ್ಲಿ ಇರಬಹುದು.

ನಾನು ಎರಡು ತಿಂಗಳಿಗೊಮ್ಮೆ ಹೀಗೆ ಮಾಡುತ್ತೇನೆ. ಫುಲ್ ಚಾರ್ಜ್, 20 ಆಂಪ್, ಸೆಲ್‌ಗೆ 3.2 ವೋಲ್ಟ್ ಕಟಾಫ್. ಸುಮಾರು ಕಾಲು ಗಂಟೆಯ ಕೆಲಸ. ಬಂದ ಎಂಎಎಚ್, ಎರಡೂ ಸೆಲ್‌ನ ಐಆರ್, ತಾರೀಖು ಇಷ್ಟನ್ನು ಕಾಗದದ ಟೇಪ್ ಮೇಲೆ ಬರೆದು ಪ್ಯಾಕಿಗೇ ಅಂಟಿಸುತ್ತೇನೆ. ಹೊಸದರಲ್ಲಿ ಕೊಟ್ಟಿದ್ದರ 80 ಪರ್ಸೆಂಟಿಗಿಂತ ಕೆಳಗೆ ಬಂದ ಪ್ಯಾಕ್ ರೇಸ್ ಪೆಟ್ಟಿಗೆಯಿಂದ ಪ್ರಾಕ್ಟೀಸ್ ಪೆಟ್ಟಿಗೆಗೆ. ಪರೀಕ್ಷೆ ಆದ ಪ್ಯಾಕ್ ಬಿಸಿಯಾಗಿರುತ್ತದೆ, ಆರಿದ ಮೇಲೆ ಸ್ಟೋರೇಜ್ ಮೋಡ್‌ನಲ್ಲಿ ಮತ್ತೆ 3.8ಕ್ಕೆ ಏರಿಸಿ. ಖಾಲಿ ಬಿಟ್ಟು ಮರೆತು ಹೋಗಬೇಡಿ.

ಹಂತ 6: ಲೀಡ್, ಪ್ಲಗ್

ಗಟ್ಟಿ ಕವಚದ ಪ್ಯಾಕಿಗೆ 4 ಅಥವಾ 5 ಮಿಲಿಮೀಟರ್ ಬುಲೆಟ್ ಪ್ಲಗ್. ಚಾರ್ಜರ್ ಕಡೆ ಎಕ್ಸ್‌ಟಿ60 (ಎರಡೂ ತುದಿ ಒಂದೇ ಪ್ಲಾಸ್ಟಿಕ್ ಕವಚದೊಳಗಿರುವ ಪ್ಲಗ್) ಅಥವಾ ಎರಡು ಬನಾನಾ ಪ್ಲಗ್. ಈ ಬನಾನಾ ಪ್ಲಗ್ ನನಗೆ ಪಾಠ ಕಲಿಸಿದೆ. ಬ್ಯಾಟರಿ ಕಡೆಯ ಬುಲೆಟ್ ಮೊದಲು ಸಿಕ್ಕಿಸಿದ್ದೆ, ಇನ್ನೊಂದು ತುದಿ ಕೈಯಲ್ಲಿತ್ತು. ಯಾರೋ ಕರೆದರು, ತಿರುಗಿದೆ. ಎರಡು ಬನಾನಾ ಒಂದಕ್ಕೊಂದು ತಾಗಿದ್ದೇ ತಡ, ಚಟ್ ಅಂತ ನೀಲಿ ಕಿಡಿ. ಚಿನ್ನದ ಬಣ್ಣದ ತುದಿ ಕರಗಿ ಕಪ್ಪು ಗುಳಿ ಬಿದ್ದಿತ್ತು, ಬೆರಳಿಗೆ ಸುಟ್ಟ ಲೋಹದ ವಾಸನೆ. ಪುಣ್ಯಕ್ಕೆ ಪ್ಲಗ್ ಅಂಟಿಕೊಳ್ಳಲಿಲ್ಲ. ಅದಕ್ಕೇ ಹಾಕುವಾಗ ಮೊದಲು ಚಾರ್ಜರ್ ಕಡೆ, ಆಮೇಲೆ ಬ್ಯಾಟರಿ ಕಡೆ. ತೆಗೆಯುವಾಗ ಮೊದಲು ಬ್ಯಾಟರಿ ಕಡೆ. ಆಯ್ಕೆ ಇದ್ದರೆ ಚಾರ್ಜರ್ ಕಡೆ ಎಕ್ಸ್‌ಟಿ60 ಇರುವುದನ್ನೇ ಕೊಳ್ಳಿ.

ಬುಲೆಟ್ ಪ್ಲಗ್‌ಗೆ ಉಲ್ಟಾ ಹಾಕದಂತೆ ತಡೆಯುವ ಕಚ್ಚು ಇಲ್ಲ. ಬಹುತೇಕ ಚಾರ್ಜರ್‌ಗಳು ಪ್ಲಸ್ ಮೈನಸ್ ಅದಲುಬದಲಾದರೆ ಎಚ್ಚರಿಸಿ ನಿಲ್ಲುತ್ತವೆ. ಡಿಸ್ಚಾರ್ಜರ್‌ನಲ್ಲೂ ಆ ರಕ್ಷಣೆ ಇದೆಯಾ ಅಂತ ಕೊಳ್ಳುವ ಮುಂಚೆ ಓದಿ. 20 ಆಂಪ್ ಹರಿಯುವ ಲೀಡ್ ದಪ್ಪಗಿರಬೇಕು, 12 ಗೇಜ್ ಸಿಲಿಕೋನ್ ವೈರ್ ಸರಿ. ಓಡುವಾಗ ಪ್ಲಗ್ ಮುಟ್ಟಿ ನೋಡಿ, ಕೈ ಸುಡುವಂತಿದ್ದರೆ ಸಾಲ್ಡರ್ ಸರಿ ಕೂತಿಲ್ಲ.

ಹಂತ 7: ಮೇಜಿನ ಮೇಲೆ ಇನ್ನೇನು ಇರಬೇಕು

ಬೆಂಕಿ ತಡೆಯುವ ಲಿಪೊ ಚೀಲವನ್ನು ಅನೇಕ ಕ್ಲಬ್‌ಗಳು ಕಡ್ಡಾಯ ಮಾಡಿವೆ. ನಿಮ್ಮ ಪ್ಯಾಕ್ ಅದರೊಳಗೆ ವೈರ್ ಸಮೇತ ಕೂರುತ್ತದಾ ನೋಡಿ ಕೊಳ್ಳಿ. ಕೆಳಗೆ ಟೈಲ್ಸ್ ಅಥವಾ ಕಲ್ಲು ಇರಲಿ, ಮರದ ಮೇಜು, ಹಾಸಿಗೆ ಬೇಡ. ಚಾರ್ಜ್ ಆಗುವಾಗ ಬಿಟ್ಟು ಹೋಗಬೇಡಿ, ಡಿಸ್ಚಾರ್ಜ್ ಆಗುವಾಗಲೂ. ಕೊರೆಯುವ ಚಳಿಯಲ್ಲಿ ಶೂನ್ಯ ಡಿಗ್ರಿಗಿಂತ ತಣ್ಣಗಿರುವ ಪ್ಯಾಕ್ ಚಾರ್ಜ್ ಮಾಡಬಾರದು, ಮೊದಲು ಕೋಣೆಯ ಬಿಸಿಗೆ ಬರಲಿ. ಗಟ್ಟಿ ಕವಚದ ಪ್ಯಾಕ್ ಉಬ್ಬಿದ್ದು ಕಣ್ಣಿಗೆ ಬೇಗ ಕಾಣುವುದಿಲ್ಲ. ಗಾಜಿನ ಮೇಲಿಟ್ಟು ಬೆರಳಿನಿಂದ ಒತ್ತಿ, ತೊಟ್ಟಿಲಿನಂತೆ ತೂಗಿದರೆ ಅದರ ಕೆಲಸ ಮುಗಿಯಿತು.

ವಿಮಾನದಲ್ಲಿ ರೇಸಿಗೆ ಹೋಗುವವರಿಗೆ ಇನ್ನೊಂದು ಲೆಕ್ಕ. ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಹೋಗಬೇಕು. 100 ವ್ಯಾಟ್ ಅವರ್ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ, 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. 2ಎಸ್ 5000 ಪ್ಯಾಕ್ 37 ವ್ಯಾಟ್ ಅವರ್. 4ಎಸ್ 6500 ಪ್ಯಾಕ್ 96.2, ಗೆರೆಯ ಅಂಚಿನಲ್ಲೇ. ಹೊರಡುವ ಹಿಂದಿನ ರಾತ್ರಿ ಎಲ್ಲವನ್ನೂ ಸ್ಟೋರೇಜ್‌ಗೆ ಇಳಿಸಿ, ತುದಿಗಳಿಗೆ ಟೇಪ್ ಹಾಕಬೇಕು. 5 ವ್ಯಾಟಿನ ಡಿಸ್ಚಾರ್ಜ್ ಇಟ್ಟುಕೊಂಡವರು ಆ ರಾತ್ರಿ ನಿದ್ದೆಗೆಡುತ್ತಾರೆ.

ಕೆಲಸ ಮುಗಿದ ಪ್ಯಾಕಿಗೆ ಮಾತ್ರ ನಾನು ಹಳೇ ಬಲ್ಬುಗಳನ್ನು ಹೊರಗೆ ತೆಗೆಯುತ್ತೇನೆ. ಒಂದೇ ಒಂದು ಬಲ್ಬ್, ಬಯಲಲ್ಲಿ, ಕಲ್ಲಿನ ಮೇಲೆ. ಬಲ್ಬ್ ಕೆಂಪಗಾಗಿ, ಆಮೇಲೆ ಆರುತ್ತದೆ. ಆರಿದ ಮೇಲೂ ಒಂದು ದಿನ ಹಾಗೇ ಬಿಟ್ಟು, ಮೀಟರ್ ಸೊನ್ನೆ ಹತ್ತಿರ ತೋರಿಸಿದ ಮೇಲೆ ತುದಿಗಳಿಗೆ ಟೇಪ್ ಸುತ್ತಿ ಬ್ಯಾಟರಿ ಮರುಬಳಕೆಯವರಿಗೆ ಕೊಡುತ್ತೇನೆ. ಟೇಪ್ ಮೇಲೆ ಬರೆದ ಅಂಕಿಗಳನ್ನು ಕಿತ್ತು ಪುಸ್ತಕಕ್ಕೆ ಅಂಟಿಸಿಕೊಳ್ಳುತ್ತೇನೆ. ಮುಂದಿನ ಸಲ ಅದೇ ಮಾದರಿ ಕೊಳ್ಳಬೇಕೋ ಬೇಡವೋ ಅನ್ನುವುದಕ್ಕೆ ಅದೇ ನನ್ನ ಲೆಕ್ಕ.